ಹೆಸರಿನೊಳಗಿನ ಉಗಿ

ಮೂರು ಸಾವಿರ ಜನ, ಮೂರು ಸ್ಟೇಷನ್ನು ನಮ್ಮೂರಿಗೆ.
ಒಂದೇ ಕಣಿವೆ, ಒಂದೇ ಹೊಳೆ, ಒಂದೇ ಕಲ್ಲಿದ್ದಲು,
ಅದಕ್ಕೆ ಮೂರು ಕಂಪನಿಗಳ ಜಗಳ.
ಮೇಲಿನ ಸ್ಟೇಷನ್ನಿನ ಗಡಿಯಾರ
ಕೆಳಗಿನದರ ಮಾತು ಎಂದೂ ಒಪ್ಪಿದ್ದಿಲ್ಲ.
ಎರಡು ನಿಮಿಷದ ಆ ಸಂದಿಯಲ್ಲಿ
ಇಳಿಜಾರು ಓಡಿ ರೈಲು ಹಿಡಿದವರುಂಟು.
ಮದುವೆ ತಪ್ಪಿಸಿಕೊಂಡವನೂ ಒಬ್ಬನುಂಟು,
ಮಾಂಸದಂಗಡಿಯ ಹವೆಲ್. ಅದು ಬೇರೆ ಕತೆ.

ಮೂರನೆಯದು ನಮ್ಮದು.
ಸ್ಟೇಷನ್ ಎಂದರೆ ಅದಕ್ಕೇ ನಾಚಿಕೆ:
ಮರದ ಹಲಗೆಯ ಕಟ್ಟೆ, ತಗಡಿನ ಮಾಡು,
ಎರಡು ಎಣ್ಣೆದೀಪ,
ಯುದ್ಧ ಮುಗಿದು ಎಷ್ಟೋ ಕಾಲವಾದರೂ
ಕಾಸು ನುಂಗಿ ಚಾಕಲೇಟು ಕೊಡದ ಕೆಂಪು ಯಂತ್ರ.
ಅಪ್ಪ, ಇದ್ವಲ್ ಪ್ರಾಸರ್, ಅಲ್ಲಿ ಪೋರ್ಟರು,
ಟಿಕೆಟ್ಟಿನವನು, ದೀಪದವನು, ಹೂಪಾತಿಯವನು,
ಯಾರೂ ಇಲ್ಲದಾಗ ಸ್ಟೇಷನ್ ಮಾಸ್ತರನೂ.

ಹೆಸರಿನ ಹಲಗೆ ಬರೆಯಲು
ಇಂಗ್ಲೆಂಡಿನ ಕಡೆಯಿಂದ ಬಂದ ಪೇಂಟರು
ಮೊದಲಿಗೆ ಒಂದೇ ಎಲ್ ಬರೆದು ಹೋದ.
ಎರಡಿರಬೇಕು. ಎರಡು ಕೂಡಿದರೆ
ನಮ್ಮ ವೆಲ್ಶ್ ಬಾಯಲ್ಲಿ ಅದು ಲಕಾರವಲ್ಲ:
ನಾಲಿಗೆಯ ತುದಿ ಹಲ್ಲಿನ ಹಿಂದೆ ಒತ್ತಿ
ಬದಿಯಿಂದ ಉಸಿರು ಬಿಡಬೇಕು,
ನಿಂತ ಎಂಜಿನ್ನು ಪಕ್ಕೆಯಿಂದ ಉಗಿ ಬಿಡುವ ಹಾಗೆ.
"ಊರ ಹೆಸರಿನ ಉಗಿಯನ್ನೇ ಕದ್ದರು" ಎಂದು ಅಪ್ಪ
ಹದಿನೆಂಟು ವರ್ಷ ಮೇಲಿನವರಿಗೆ ಕಾಗದ ಬರೆದ.
ಹದಿನೆಂಟು ವರ್ಷವೂ ಉತ್ತರ ಬಂತು:
ವಿಷಯ ಪರಿಶೀಲನೆಯಲ್ಲಿದೆ.

ಬೆಳಗಿನ ಐದೂಕಾಲಕ್ಕೆ ಗಣಿಯವರ ಗಾಡಿ.
ಹೋಗುವಾಗ ಮುಖ ನೋಡಿ ಗುರುತು,
ಬರುವಾಗ ಕೆಮ್ಮು ಕೇಳಿ.

ಸೋಮವಾರ ಒಗೆತ. ಡ್ರೈವರ್ ಗೆತಿನ್
ನಮ್ಮ ಹಿತ್ತಲು ದಾಟುವ ತನಕ ಹೊಗೆ ಹಿಡಿದಿಡುತ್ತಿದ್ದ.
ಪಕ್ಕದ ಮನೆಯ ಬಿಳಿ ದುಪ್ಪಟಿಗೆ ಮಾತ್ರ ಧಾರಾಳ.
ಯಾಕೆಂದು ಕೇಳಿದರೆ
ಅಮ್ಮ ಎದ್ದು ಕಿಟಕಿ ಮುಚ್ಚುತ್ತಿದ್ದಳು.

ಶನಿವಾರ ಬರುತ್ತಿದ್ದವು ಪಾರಿವಾಳದ ಬುಟ್ಟಿಗಳು,
ಉತ್ತರದ ಯಾವುದೋ ಗಿರಣಿಯೂರಿಂದ,
ಬೆತ್ತದೊಳಗೆ ಗುಟುಗುಟು, ಬಿಸಿ ಕಾಳಿನ ವಾಸನೆ.
ಅಪ್ಪ ಕೈಗಡಿಯಾರ ನೋಡಿ ಪಟ್ಟಿ ಬಿಚ್ಚುತ್ತಿದ್ದ.
ಬೆಟ್ಟದ ಮೇಲೆ ಒಂದು ಸುತ್ತು,
ದಿಕ್ಕು ಸಿಕ್ಕಿತೋ, ಹಿಂದೆ ನೋಡುವುದಿಲ್ಲ.
ಚೀಟಿಯಲ್ಲಿ ಅವನ ದುಂಡು ಅಕ್ಷರ:
"ಬಿಟ್ಟದ್ದು 9.40. ಪಡುವಣ ಗಾಳಿ. ಹಕ್ಕಿ ಇಪ್ಪತ್ತು."
ಖಾಲಿ ಬುಟ್ಟಿ ಮುಂದಿನ ಗಾಡಿಗೆ.
ಕಳಿಸುವವನ ಮುಖ ನಾವು ಕಂಡಿಲ್ಲ.
ಅಪ್ಪನೂ ದೂರ ಹೋದವನಲ್ಲ,
ಭಾನುವಾರದ ಶಾಲೆಯ ಮಕ್ಕಳ ಜೊತೆ
ವರ್ಷಕ್ಕೊಮ್ಮೆ ಸಮುದ್ರದ ತನಕ, ಅಷ್ಟೇ.

ಕಡೆಯ ಗಾಡಿಯ ದಿನ ಹುಡುಗರು
ಹಳಿಯ ಮೇಲೆ ಮಂಜಿನ ಪಟಾಕಿ ಇಟ್ಟರು.
ಯಾರೋ ಹಾಡಿದರು, ಯಾರೋ ದೀಪ ಕದ್ದರು.
ಅಪ್ಪ ಖಾಲಿ ಬುಟ್ಟಿಯೊಂದನ್ನು ಹತ್ತಿಸಿ
ಚೀಟಿ ಕಟ್ಟಿದ:
"ಬಿಟ್ಟದ್ದು 8.52. ಗಾಳಿ ಇಲ್ಲ. ಇನ್ನು ಕಳಿಸಬೇಡಿ."

ಎರಡು ವಾರಕ್ಕೆ ಒಂದು ಕಾರ್ಡು ಬಂತು.
"ಹೋದ ಸಲದವು ಎಲ್ಲ ಮನೆ ಸೇರಿವೆ, ಒಂದು ಬಿಟ್ಟು.
ಬೂದು ಬಣ್ಣ, ಎಡಗಾಲಿಗೆ ಉಂಗುರ.
ಕಂಡರೆ ಕಾಳು ಹಾಕಿ."
ಆ ಚಳಿಗಾಲ ಪೂರ್ತಿ
ರೈಲಿಲ್ಲದ ಕಟ್ಟೆಯ ಮೇಲೆ ಅಪ್ಪ ಕಾಳು ಹಾಕಿದ,
ಹಲಗೆ ಕಿತ್ತು ಒಯ್ಯುವ ಹಿಂದಿನ ದಿನದವರೆಗೂ.
ಗುಬ್ಬಿಗಳು ತಿಂದವು.

ಈಗ ಅಲ್ಲಿ ಕಾರು ನಿಲ್ಲುತ್ತವೆ.
ಮೂರು ಕಲ್ಲಿನ ಮೆಟ್ಟಿಲು ಉಳಿದಿವೆ,
ಹತ್ತಿದರೆ ಏನೂ ಇಲ್ಲ, ಹತ್ತುತ್ತೇನೆ.

ಮೊನ್ನೆ ಮೊಮ್ಮಗಳು ನೆಸ್ಟಾ ಪಾಠ ಒಪ್ಪಿಸುತ್ತ
ಊರ ಹೆಸರು ಹೇಳಿದಳು,
ಎರಡು ಎಲ್ಲೂ ಸೇರಿಸಿ, ನಾಲಿಗೆಯ ಬದಿಯಿಂದ.
ಒಲೆಯ ಮುಂದೆ ನಿಂತಿದ್ದ ನಾನು
ಒಂದು ಹೆಜ್ಜೆ ಹಿಂದೆ ಸರಿದೆ,
ಅಪ್ಪ ಕಲಿಸಿದ ಹಾಗೆ,
ಹಲಗೆಯ ಅಂಚಿನಿಂದ.